ಶರದೃತುವಿನ ಅಡಿಗೆಮನೆ: ತೋಟದ ಸೊಪ್ಪು, ಮನೆಯ ರಾಗಿ

ಹಸ್ತೆ ಮಳೆ ಕಳೆದು ಚಿತ್ತೆ ಹುಟ್ಟುವ ವೇಳೆಗೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹವೆಯ ಗುಣವೇ ಬದಲಾಗುತ್ತದೆ. ಬೆಳಗಿನ ಜಾವ ಇಬ್ಬನಿ, ಹತ್ತು ಗಂಟೆಯಾಗುತ್ತಲೇ ಚುರುಗುಟ್ಟುವ ಬಿಸಿಲು, ಸಂಜೆಗೆ ಗುಡುಗಿನೊಡನೆ ಒಂದು ಮಳೆ. ಮನೆಯಲ್ಲಿ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ನೆಗಡಿ, ಹೊಟ್ಟೆಯುರಿ, ಮೈಕೈ ನೋವು. ಅಡಿಕೆ ಕೊಯ್ಲಿನ ಗಡಿಬಿಡಿಯೂ ಇದೇ ದಿನಗಳದು. ಗೊನೆ ಇಳಿಸುವವರು ಬೆಳಗಾಗುವ ಮೊದಲೇ ಬಂದು ನಿಲ್ಲುತ್ತಾರೆ, ರಾತ್ರಿ ಎಷ್ಟು ಹೊತ್ತಾದರೂ ಸುಲಿಯುವ ಕೆಲಸ ಮುಗಿಯುವುದಿಲ್ಲ, ಹಿತ್ತಲಲ್ಲಿ ಅಡಿಕೆ ಬೇಯಿಸುವ ಹಂಡೆಯ ಉರಿ ಆರುವುದಿಲ್ಲ. ಮನೆಯ ಹೆಂಗಸರಿಗೆ ಅಡಿಗೆಮನೆಯ ಕಡೆ ತಿರುಗಿ ನೋಡಲೂ ಪುರಸೊತ್ತಿಲ್ಲ. ಕಾಫಿ ಬೆಳೆಯುವ ಸದಸ್ಯ ಬಂಧುಗಳಿಗೆ ಅರಾಬಿಕಾ ಹಣ್ಣಿನ ಕೊಯ್ಲು ಸ್ವಲ್ಪ ತಡವಾಗಿ ಬರುತ್ತದೆ ಎಂಬುದನ್ನು ಬಿಟ್ಟರೆ ಅವರ ಮನೆಯ ಪಾಡೂ ಇದೇ. ವರ್ಷದಲ್ಲಿ ಊಟ ನೆಟ್ಟಗಿರಬೇಕಾದ ಕಾಲವೂ ಇದು, ಊಟ ಕೆಡುವ ಕಾಲವೂ ಇದು.

ಈ ಮಾತನ್ನು ಬೇರೆಯವರಿಗೆ ಬುದ್ಧಿ ಹೇಳುವುದಕ್ಕಾಗಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲೇ ಕೆಲವು ವರ್ಷ ಕೊಯ್ಲಿನ ತಿಂಗಳಲ್ಲಿ ನಡೆದದ್ದೇನೆಂದರೆ, ಬೆಳಿಗ್ಗೆ ಆಳುಗಳಿಗೂ ನಮಗೂ ಪೇಟೆಯ ಬನ್ನು, ಚಹ; ಮಧ್ಯಾಹ್ನ ಅನ್ನ, ತಿಳಿಸಾರು, ಉಪ್ಪಿನಕಾಯಿ; ಸಂಜೆಗೆ ಬೋಂಡ; ರಾತ್ರಿ ಮತ್ತೆ ಅನ್ನ. ಅಡಿಕೆ ಒಣಗಿಸಿ ಮಂಡಿಗೆ ಹಾಕಿ, ಲೆಕ್ಕ ಮುಗಿಸಿ ಕೂತಾಗ ಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಏರಿತ್ತು, ಸೊಸೆಗೆ ರಕ್ತ ಕಡಿಮೆಯೆಂದು ವೈದ್ಯರು ಮಾತ್ರೆ ಬರೆದುಕೊಟ್ಟರು. ಇಷ್ಟಕ್ಕೂ ಅಟ್ಟದ ಮೇಲೆ ರಾಗಿ ಇತ್ತು, ತೋಟದಲ್ಲಿ ತೆಂಗು, ಬಾಳೆ, ಮೆಣಸು ಇದ್ದವು. ಇಲ್ಲದೆ ಹೋದದ್ದು ಸೊಪ್ಪು. ಅದು ಹೇಗೆ ಇಲ್ಲವಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಆಶ್ವಯುಜ, ಕಾರ್ತಿಕ ಸೇರಿದರೆ ಶರದೃತು. ಮಳೆಗಾಲದಲ್ಲಿ ಮೈಯಲ್ಲಿ ಸೇರಿಕೊಂಡ ಪಿತ್ತ ಶರತ್ತಿನ ಬಿಸಿಲಿಗೆ ಕೆರಳುತ್ತದೆಂದು ಚರಕ ಸಂಹಿತೆಯ ಋತುಚರ್ಯೆ ಹೇಳುತ್ತದೆ. ಕಹಿ, ಸಿಹಿ, ಹಗುರವಾದ ಆಹಾರ ಹಿತ. ಮೊಸರು, ಜಿಡ್ಡು, ಕ್ಷಾರ ಹಿತವಲ್ಲ ಎಂಬುದು ಅಲ್ಲಿಯ ಮಾತಿನ ಸಾರ. ಆಯುರ್ವೇದವನ್ನು ನಂಬಿ, ಬಿಡಿ, ಆದರೆ ನಮ್ಮ ಹಿರಿಯರು ಪಿತೃಪಕ್ಷದ ಎಡೆಗೆ ಹಾಗಲಕಾಯಿ, ಗೋರಿಕಾಯಿ, ಕುಂಬಳಕಾಯಿ ಬೇಕೇ ಬೇಕೆಂದು ಹಟ ಹಿಡಿಯುತ್ತಿದ್ದುದನ್ನು ನೆನೆಸಿಕೊಳ್ಳಿ. ಆ ಹೊತ್ತಿಗೆ ಬಳ್ಳಿಯಲ್ಲಿ ಇರುವುದೇ ಅವು. ಹಿತ್ತಲಲ್ಲಿ ಏನಿದೆಯೋ ಅದು ಎಡೆಗೆ ಬಂತು, ಎಡೆಗೆ ಬಂದದ್ದು ಎಲೆಗೆ ಬಂತು.

ಈಗ ಅಡಿಗೆಗೆ ಬರೋಣ. ಕೊಯ್ಲಿನ ಮನೆಗೆ ಬಸ್ಸಾರಿನಷ್ಟು ಅನುಕೂಲವಾದ ಅಡಿಗೆ ಇನ್ನೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದೇ ಪಾತ್ರೆಯಲ್ಲಿ ಬೇಯಿಸಿದ್ದರಿಂದ ಸಾರೂ ಪಲ್ಯವೂ ಆಗುತ್ತದೆ. ಐದಾರು ಜನಕ್ಕೆ ಒಂದು ಪಾವು ತೊಗರಿಬೇಳೆ, ಇಲ್ಲವೆ ನೆನೆಸಿದ ಅಲಸಂದೆ, ಹುರುಳಿ ಅಥವಾ ಹೆಸರುಕಾಳು ಸಾಕು. ಕಾಳು ಬೆಂದಿರಬೇಕು, ಕದಡಿಹೋಗಬಾರದು. ಅದಕ್ಕೆ ಹೆಚ್ಚಿದ ಸೊಪ್ಪನ್ನು ಎರಡು ದೊಡ್ಡ ಹಿಡಿ ಹಾಕಿ, ಉಪ್ಪು ಸೇರಿಸಿ, ಸೊಪ್ಪು ಮೆತ್ತಗಾಗುವಷ್ಟು ಮಾತ್ರ ಕುದಿಸಿ ನೀರು ಬಸಿದಿಟ್ಟುಕೊಳ್ಳಿ. ನಾಲ್ಕೈದು ಒಣಮೆಣಸಿನಕಾಯಿ, ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಹಿಡಿ ತೆಂಗಿನ ತುರಿ, ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಇವುಗಳ ಜೊತೆಗೆ ಬೆಂದ ಸೊಪ್ಪು ಕಾಳಿನಲ್ಲಿ ಒಂದು ಸೌಟು ಸೇರಿಸಿ ರುಬ್ಬಿ, ಬಸಿದ ನೀರಿಗೆ ಕದಡಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಸಾಸಿವೆ, ಈರುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಎರಡು ಚಮಚ ಎಣ್ಣೆಯಲ್ಲಿ ಇಡೀ ಮನೆಯ ಊಟ ಮುಗಿಯಿತು. ಸೊಪ್ಪಿನ ಸಾರ ಬೇಯಿಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಸಾರು ಮಾಡಿದವರು ಯಾರೋ, ಅವರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪಿನಲ್ಲಿರುವ ಕಬ್ಬಿಣಾಂಶ ಹಾಗೆಯೇ ಮೈಗೆ ಹತ್ತುವುದು ಕಡಿಮೆ, ನಿಂಬೆಯ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ಇದು ಮುಖ್ಯ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಇದರಿಂದ ಬಿಡಬಾರದು.

ಸೊಪ್ಪು ಯಾವುದು? ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ದಂಟು, ಪಾಲಕ್, ಮೆಂತ್ಯ ಆಗಬಹುದು. ಆದರೆ ಬಸ್ಸಾರಿನ ರುಚಿ ಇರುವುದು ಬೆರಕೆ ಸೊಪ್ಪಿನಲ್ಲಿ. ಮಳೆ ಬಿದ್ದ ಹೊಲದ ಅಂಚಿನಲ್ಲಿ ಅಣ್ಣೆಸೊಪ್ಪು, ಚಿಲಕರಿವೆ, ಗಣಿಕೆ. ತೋಟದ ತಂಪಿನಲ್ಲಿ ಕನ್ನೆಸೊಪ್ಪು, ಗೋಣಿಸೊಪ್ಪು. ನೀರು ಹರಿಯುವ ಕಾಲುವೆಯ ಬದಿಯಲ್ಲಿ ಹೊನಗೊನ್ನೆ, ಒಂದೆಲಗ. ಅಜ್ಜಿಯಂದಿರು ಸೆರಗಿಗೆ ಕಿತ್ತು ತುಂಬಿಕೊಂಡು ಬರುತ್ತಿದ್ದುದು ಇವನ್ನೇ. ಗುರುತು ಬಲ್ಲವರು ಮನೆಯಲ್ಲಿದ್ದರೆ ಮಕ್ಕಳನ್ನು ಅವರ ಜೊತೆ ಕಳಿಸಿ. ಗುರುತು ಇಲ್ಲದ ಸೊಪ್ಪನ್ನು ಮಾತ್ರ ಯಾರೂ ಒಲೆಗೆ ಹಾಕಬಾರದು.

ನಮ್ಮ ತೋಟದಲ್ಲಿ ಈ ಸೊಪ್ಪು ಹೋದದ್ದು ನಮ್ಮ ಕೈಯಿಂದಲೇ. ಆಳು ಸಿಗಲಿಲ್ಲ, ಕೂಲಿ ಏರಿತು, ಹುಲ್ಲು ಮೊಣಕಾಲುದ್ದ ಬೆಳೆಯಿತು. ಕಳೆನಾಶಕ ಹೊಡೆಸಿದೆವು. ಒಂದು ಸಲವಲ್ಲ, ಮೂರು ವರ್ಷ, ವರ್ಷಕ್ಕೆ ಎರಡು ಸಲ. ತೋಟ ಕಸ ಗುಡಿಸಿದ ಅಂಗಳದಂತೆ ಕಂಡಿತು, ನೋಡಿದವರು ಹೊಗಳಿದರು. ಮನೆಯ ಅಜ್ಜಿ ಒಂದು ದಿನ ಮಂಕರಿ ಹಿಡಿದು ಹೋದವರು ಬರಿಗೈಯಲ್ಲಿ ಬಂದು, ಏನೂ ಹೇಳದೆ, ಅಂಗಡಿಯಿಂದ ಬೇಳೆ ತರಿಸಿ ತಿಳಿಸಾರು ಮಾಡಿದರು. ಕಳೆನಾಶಕಕ್ಕೆ ಹುಲ್ಲು ಬೇರೆ, ಹೊನಗೊನ್ನೆ ಬೇರೆ ಎಂಬ ಭೇದವಿಲ್ಲ. ಉಳಿಸಿದ ಕೂಲಿಯ ಲೆಕ್ಕ ನಮ್ಮ ಪುಸ್ತಕದಲ್ಲಿತ್ತು. ಅಲ್ಲಿಂದೀಚೆಗೆ ಸೊಪ್ಪು ತರಕಾರಿಗೆ ಕೊಟ್ಟ ಹಣದ ಲೆಕ್ಕವನ್ನು ಯಾರೂ ಬರೆದಿರಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ಮರದ ಕೆಳಗೆ ತುತ್ತ ತೊಟ್ಟಿಕ್ಕಿರುತ್ತದೆ. ಅಂಥ ಕಡೆಯ ಸೊಪ್ಪನ್ನು ಕೂಡಲೇ ಕೀಳಬೇಡಿ. ನಾಲ್ಕು ಮಳೆ ಬಿದ್ದು ಹೊಸ ಚಿಗುರು ಬರಲಿ. ಕಾಲುವೆ ಬದಿಯ ಒಂದೆಲಗವನ್ನು ಹಸಿಯಾಗಿ ಚಟ್ನಿ ಅರೆಯುವವರು ಉಪ್ಪು ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಕೊಟ್ಟಿಗೆಯ ನೀರು ಹರಿಯುವ ಕಡೆಯದಂತೂ ಬೇಡವೇ ಬೇಡ.

ತೋಟದಲ್ಲಿ ಬಿಸಾಡುವ ಪದಾರ್ಥಗಳಲ್ಲಿ ಬಾಳೆದಿಂಡಿನ ಹೆಸರು ಮೊದಲು ಬರುತ್ತದೆ. ಅಡಿಕೆ ಸಾಲಿನ ನಡುವೆ ಬಾಳೆ ಇಟ್ಟವರು ಗೊನೆ ಕಡಿದ ಮೇಲೆ ಕಂಬವನ್ನು ಅಲ್ಲೇ ಕೊಚ್ಚಿ ಹಾಕುತ್ತಾರೆ, ಗೊಬ್ಬರವಾಗುತ್ತದೆ, ಸರಿಯೇ. ಒಳಗಿನ ಬಿಳಿಯ ದಿಂಡನ್ನು ಒಂದು ಗೇಣು ಮನೆಗೆ ತನ್ನಿ. ಬಿಲ್ಲೆಯಾಗಿ ಹೆಚ್ಚಿ, ನಾರನ್ನು ಬೆರಳಿಗೆ ಸುತ್ತಿ ತೆಗೆದು, ಮಜ್ಜಿಗೆ ನೀರಿನಲ್ಲಿ ಹಾಕಿದರೆ ಕಪ್ಪಾಗುವುದಿಲ್ಲ. ನೆನೆಸಿದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಬೆರೆಸಿದರೆ ಕೋಸಂಬರಿ. ಮೂತ್ರಪಿಂಡದ ಕಲ್ಲು ಇದರಿಂದ ಕರಗುತ್ತದೆಂಬ ಮಾತು ನಮ್ಮ ಕಡೆ ಬಲವಾಗಿದೆ. ಅದನ್ನೇ ನಂಬಿ ನೋವು ತಿಂದುಕೊಂಡು ಮನೆಯಲ್ಲಿ ಕೂರಬೇಡಿ. ದಿಂಡಿನಲ್ಲಿ ನಾರು ಹೇರಳವಾಗಿದೆ, ಹೊಟ್ಟೆಗೆ ಹಿತ, ಅಷ್ಟು ಸಾಕು.

ಕುಂಬಳಕಾಯಿಯ ವಿಷಯ ಬಂದಾಗ ನಮಗೆ ಸ್ವಲ್ಪ ಸಂಕಟವೇ ಆಗುತ್ತದೆ. ಆಯುಧಪೂಜೆಯ ದಿನ ತುಮಕೂರಿನ ಬೀದಿಯಲ್ಲಿ ಒಡೆದು ಚೆಲ್ಲಿದ ಬೂದುಗುಂಬಳವನ್ನೆಲ್ಲ ಕೂಡಿಸಿದರೆ ಒಂದು ಊರಿಗೆ ಮಜ್ಜಿಗೆಹುಳಿಯಾದೀತು. ಗಾಡಿಗೆ ಒಂದು ಒಡೆಯಿರಿ, ಬೇಡವೆನ್ನುವುದಿಲ್ಲ. ಒಂದು ಅಡಿಗೆಮನೆಗೂ ಬರಲಿ. ಸಿಹಿಗುಂಬಳವಾದರೆ ಅಲಸಂದೆ ಕಾಳಿನೊಡನೆ ಹುಳಿ ಚೆನ್ನಾಗುತ್ತದೆ. ಚೇಳೂರು ಕಡೆಯವರು ಬೇಸಿಗೆಯ ಕೊನೆಯಲ್ಲಿ ಹಲಸಿನ ಬೀಜವನ್ನು ಕೆಮ್ಮಣ್ಣು ಬಳಿದು ಎತ್ತಿಟ್ಟಿದ್ದರೆ ಅದನ್ನೂ ಇದಕ್ಕೆ ಜಜ್ಜಿ ಹಾಕಬಹುದು. ಕುಣಿಗಲ್ ಕಡೆ ಕೆರೆಮೀನು ತಿನ್ನುವ ಮನೆಗಳಿಗೂ ಒಂದು ಮಾತು: ಹುರಿಯುವುದಕ್ಕಿಂತ ಹುಣಿಸೆ, ಮೆಣಸು, ಬೆಳ್ಳುಳ್ಳಿ ಹಾಕಿದ ಸಾರು ಈ ಕಾಲಕ್ಕೆ ಮೇಲು.

ಮುದ್ದೆ ತೊಳಸುವುದನ್ನು ನಮ್ಮ ಓದುಗರಿಗೆ ಹೇಳಿಕೊಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ರಾಗಿಯ ಬಗ್ಗೆ ಎರಡು ಮಾತು ಅಗತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಇದೇ ರಾಗಿ ಬಣ್ಣದ ಪೊಟ್ಟಣ ಹೊಕ್ಕು ಬಿಸ್ಕತ್ತಾಗಿ ನಮ್ಮ ಊರಿನ ಅಂಗಡಿಗೇ ಮರಳಿ ಬಂತು. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕೆಡದಂತೆ ಇಟ್ಟವರ ಮೊಮ್ಮಕ್ಕಳು ಅದನ್ನು ಕೊಂಡು ತಿನ್ನುತ್ತಿದ್ದಾರೆ. ತುಮಕೂರಿನ ಪಕ್ಕದ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಮುದ್ದೆ ಸಾರು ಉಂಡು ಓದಿದ್ದಾರೆ, ಓದುತ್ತಲೂ ಇದ್ದಾರೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಅಲ್ಲಿ ಉಂಡು ಬೆಳೆದವರು ನಮ್ಮ ಸದಸ್ಯರಲ್ಲೇ ಇರಬಹುದು. ಅವರಿಗೆ ಮುದ್ದೆಯ ಶಕ್ತಿಯನ್ನು ಪೊಟ್ಟಣದ ಮೇಲಿನ ಅಕ್ಷರ ಹೇಳಬೇಕಾಗಿಲ್ಲ.

ಎರಡನೆಯ ಮಾತು ಸಕ್ಕರೆ ಕಾಯಿಲೆಯವರಿಗೆ. ರಾಗಿಯೆಂದರೆ ಎಷ್ಟಾದರೂ ತಿನ್ನಬಹುದೆಂಬ ಭ್ರಮೆ ಬೇಡ. ರಾಗಿಯೂ ಪಿಷ್ಟವೇ. ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಜರಡಿ ಹಿಡಿಯದ ಹಿಟ್ಟು, ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳಿನ ಪಲ್ಯ, ಇದು ಸರಿಯಾದ ಪ್ರಮಾಣ. ನಾವು ನಮ್ಮ ಹಿರಿಯರಿಗೆ ಹೀಗೆ ಬಡಿಸತೊಡಗಿದಾಗ ಮೊದಲ ವಾರ ಅವರು ತಟ್ಟೆ ನೋಡಿ ಮುಖ ಗಂಟಿಕ್ಕಿದರು. ಆಮೇಲೆ ಪಲ್ಯಕ್ಕೆ ಹುರಿದ ಕಡಲೆಕಾಯಿ ಪುಡಿ ಉದುರಿಸಿದ್ದು ನೋಡಿ ಸುಮ್ಮನಾದರು.

ಉಪ್ಪಿಗೂ ಒಂದು ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ. ನಿಮ್ಮ ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುತ್ತದೆ? ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪು ಇದರ ಹೊರಗಲ್ಲ, ಒಳಗೇ.

ಕಾಫಿಯ ಪತ್ರಿಕೆಯಲ್ಲಿ ಕಾಫಿಯ ವಿರುದ್ಧ ಬರೆಯುವ ಧೈರ್ಯ ನಮಗಿಲ್ಲ, ಅಗತ್ಯವೂ ಇಲ್ಲ. ಆದರೆ ಊಟದ ಜೊತೆಗೇ, ಊಟ ಮುಗಿದ ಕೂಡಲೇ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸೇರದಂತೆ ಅದು ತಡೆಯುತ್ತದೆ. ಚಹವೂ ಹಾಗೆಯೇ. ಒಂದು ಗಂಟೆ ಬಿಟ್ಟು ಕುಡಿಯಿರಿ, ರುಚಿಯೂ ಹೆಚ್ಚು.

ಕೊನೆಗೆ ಕೊಯ್ಲಿನ ಆಳುಗಳ ತಿಂಡಿ. ಮರ ಏರುವವರಿಗೆ ಬನ್ನು, ಚಹ ಕೊಟ್ಟು ಕಳಿಸುವುದು ನಮ್ಮ ಮಟ್ಟಿಗೆ ಹೇಳುವುದಾದರೆ ನಾಚಿಕೆಗೇಡಿನ ಕೆಲಸ. ನಲವತ್ತು ಐವತ್ತು ಅಡಿ ಮೇಲೆ ಒಂದು ಮರದಿಂದ ಇನ್ನೊಂದಕ್ಕೆ ದಾಟುವವನಿಗೆ ಹತ್ತು ಗಂಟೆಗೆ ತಲೆ ಸುತ್ತಿದರೆ ಗತಿಯೇನು? ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕೊಡಲು ಐದು ನಿಮಿಷ ಸಾಕು. ಜೊತೆಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿ ಉಂಡೆ ಕಟ್ಟಿಟ್ಟರೆ ಸಂಜೆಯ ಬೋಂಡ ತಪ್ಪುತ್ತದೆ. ರಾತ್ರಿ ಅಡಿಕೆ ಸುಲಿಯಲು ಕೂತವರ ನಡುವೆ ಬೇಯಿಸಿದ ಹಸಿ ಕಡಲೆಕಾಯಿಯ ಒಂದು ಬುಟ್ಟಿ ಇಡಿ. ಬೂಷ್ಟು ಹಿಡಿದ ಕಾಯನ್ನು ಮೊದಲೇ ಆರಿಸಿ ಎಸೆಯಿರಿ, ಅದು ವಿಷ. ತುಮಕೂರಿಗೆ ಅಡಿಕೆ ಹಾಕಲು ಹೋದವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದರೆ ನಮ್ಮ ಆಕ್ಷೇಪವಿಲ್ಲ. ಹಬೆಯಲ್ಲಿ ಬೆಂದದ್ದು, ತಿನ್ನಲಿ. ಮೇಲೆ ಬೆಣ್ಣೆ ಎಷ್ಟೆಂಬುದನ್ನು ಅವರವರ ವೈದ್ಯರು ನೋಡಿಕೊಳ್ಳುತ್ತಾರೆ.

ದೀಪಾವಳಿಯ ಕಜ್ಜಾಯ ಬೇಡವೆನ್ನುವಷ್ಟು ಕಠಿಣರು ನಾವಲ್ಲ. ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ವಾರಗಟ್ಟಲೆ ಮತ್ತೆ ಮತ್ತೆ ಕಾಯಿಸುವುದು ಮಾತ್ರ ಬೇಡ. ಬಾಣಲೆಗೆ ಕಡಿಮೆ ಎಣ್ಣೆ ಹಾಕಿ, ನಾಲ್ಕು ನಾಲ್ಕೇ ಕರಿಯಿರಿ.

ಅವರೆಕಾಯಿ ಯಾಕೆ ಬರೆಯಲಿಲ್ಲವೆಂದು ಕೇಳುವವರಿದ್ದಾರೆ. ಸೊನೆ ಅವರೆಗೆ ಚಳಿ ಬೀಳಬೇಕು. ಈಗ ಪೇಟೆಯಲ್ಲಿ ಕಾಣುವುದಕ್ಕೆ ಬೆಲೆಯಿದೆ, ಸೊಗಡಿಲ್ಲ. ಮಾರ್ಗಶಿರ ಬರಲಿ.

ನಮ್ಮ ತೋಟದಲ್ಲಿ ಹೋದ ವರ್ಷದಿಂದ ಕಾಲುವೆಯ ಎರಡು ಬದಿಗೂ ಮೂರು ಮೂರು ಅಡಿ ಔಷಧಿ ಹೊಡೆಸುವುದನ್ನು ನಿಲ್ಲಿಸಿದ್ದೇವೆ. ಉಳಿದ ಕಡೆ ಹುಲ್ಲನ್ನು ಯಂತ್ರದಿಂದ ಸವರಿಸುತ್ತೇವೆ. ಖರ್ಚು ಹೆಚ್ಚೇ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ಸಲದ ಮಳೆಗೆ ಕನ್ನೆಸೊಪ್ಪು ಮೊದಲು ಬಂತು, ಅದರ ಹಿಂದೆ ಒಂದೆಲಗ ಹಬ್ಬಿತು. ಬೇಲಿಯ ಕಡೆ ನಾಲ್ಕಾರು ಅಣ್ಣೆ ಗಿಡ ಎದ್ದಿವೆ. ಬೀಜವಾಗಲೆಂದು ಕೀಳದೆ ಬಿಟ್ಟಿದ್ದೇವೆ. ಹೊನಗೊನ್ನೆ ತಾನಾಗಿ ಇನ್ನೂ ಬಂದಿಲ್ಲ. ನೆಂಟರ ತೋಟದಿಂದ ನಾಲ್ಕು ಗೆಣ್ಣು ಬಳ್ಳಿ ತಂದು ಅಜ್ಜಿಯೇ ನೆಟ್ಟಿದ್ದಾರೆ. ಎರಡು ಚಿಗುರಿವೆ.