ಮನೆಯೊಳಗಿನ ಗಣಿ

ಗಣಿ ಎಂಬ ಮಾತು ಕಳಸದ ಸೀಮೆಯವರಿಗೆ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಅದಿರು ಪುಡಿಯಾಗಿ, ನೀರಿನೊಡನೆ ಬೆರೆತು, ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಕಡಲಂಚನ್ನು ಸೇರುತ್ತಿದ್ದ ಕಾಲವನ್ನು ಕಂಡವರು ಅಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಆ ಗಣಿ ನಿಂತಿತು. ಈಗ ಅದೇ ಮಾತು ಬೇರೊಂದು ಅರ್ಥವನ್ನು ಹೊತ್ತು ಮನೆಯ ಜಗಲಿಗೇ ಬಂದಿದೆ.

ಮೂಡಿಗೆರೆಯ ಬಳಿ ತೋಟ ಮಾಡಿಕೊಂಡಿರುವ ನನ್ನ ತಂಗಿಯ ಮಗ ಕಳೆದ ಬೇಸಗೆಯಲ್ಲೊಂದು ದಿನ ನನ್ನ ಮುಂದೆ ಕುಳಿತು, “ಮಾವ, ಬಿಟ್‌ಕಾಯಿನ್ ಗಣಿಗಾರಿಕೆಯ ಯಂತ್ರವೊಂದು ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕಿದೆ. ಮಾಳಿಗೆಯ ಕೋಣೆಯಲ್ಲಿಟ್ಟು ಪ್ಲಗ್ ಹಾಕಿದರೆ ಸಾಕಂತೆ” ಎಂದ. ನಾನು ಕಲಿತದ್ದೂ ಕಲಿಸಿದ್ದೂ ಕನ್ನಡವನ್ನು. ವಿದ್ಯುಚ್ಛಕ್ತಿಯ ವಿದ್ಯೆ ನನ್ನದಲ್ಲ. ಆದರೂ ‘ಸಾಕಂತೆ’ ಎಂಬಲ್ಲಿನ ಆ ‘ಅಂತೆ’ ನನ್ನ ಕಿವಿಗೆ ಹಿತವೆನಿಸಲಿಲ್ಲ. ಊರಿನ ಹಳೆಯ ವೈರ್‌ಮನ್ ಒಬ್ಬರನ್ನು ಕರೆಸಿದೆವು. ಇಲ್ಲಿ ಹೇಳುವುದರಲ್ಲಿ ಬಹುಪಾಲು ಅವರಿಂದ ಕಲಿತದ್ದು.

ಮೊದಲು ಈ ಗಣಿಗಾರಿಕೆ ಎಂದರೇನು? ಬಿಟ್‌ಕಾಯಿನ್ ಎಂಬುದು 2009ರಲ್ಲಿ ತೊಡಗಿದ, ಟಂಕಸಾಲೆಯಿಲ್ಲದ ನಾಣ್ಯ. ಅದರ ಕೊಡುಕೊಳೆಗಳನ್ನೆಲ್ಲ ಬರೆದಿಡುವ ಲೆಕ್ಕದ ಪುಸ್ತಕಕ್ಕೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ. ಗೊತ್ತಾದ ಷರತ್ತಿಗೆ ಹೊಂದುವ ಸಂಖ್ಯೆಯನ್ನು ಮೊದಲು ಊಹಿಸಿದ ಯಂತ್ರಕ್ಕೆ ಆ ಪುಟವನ್ನು ಸೇರಿಸುವ ಹಕ್ಕು, ಜೊತೆಗೆ ಹೊಸ ನಾಣ್ಯದ ಬಹುಮಾನ. 2024ರ ಏಪ್ರಿಲ್‌ನಿಂದ ಅದು ಪುಟವೊಂದಕ್ಕೆ 3.125 ನಾಣ್ಯ. ಸಣ್ಣವರು ಗುಂಪುಗೂಡಿ, ತಮ್ಮ ಯಂತ್ರದ ದುಡಿಮೆಗೆ ತಕ್ಕ ಪಾಲನ್ನು ಪಡೆಯುತ್ತಾರೆ. ಇದರಲ್ಲಿ ಬುದ್ಧಿಯ ಕೆಲಸವೇನೂ ಇಲ್ಲ; ಊಹಿಸುವುದು, ತಪ್ಪಿದರೆ ಮತ್ತೆ ಊಹಿಸುವುದು. ನಿಂತ ಯಂತ್ರಕ್ಕೆ ಪಾಲಿಲ್ಲವಾದ್ದರಿಂದ ಅದು ಹಗಲಿರುಳು ನಡೆಯಲೇಬೇಕು. ಈ ‘ಹಗಲಿರುಳು’ ಎಂಬುದನ್ನು ಕೇಳುಗರು ನೆನಪಿನಲ್ಲಿಡಬೇಕು.

ಹುಡುಗ ತಂದದ್ದು ಆಂಟ್‌ಮೈನರ್ ಎಸ್-19 ಎಂಬ ಯಂತ್ರ. ಗಾತ್ರ ಒಂದು ಟ್ರಂಕಿನಷ್ಟೂ ಇಲ್ಲ. ಬೇಡುವ ವಿದ್ಯುತ್ತು ಮಾತ್ರ 3,250 ವ್ಯಾಟ್. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 14 ಆಂಪಿಯರ್. ಗೋಡೆಯ ದೊಡ್ಡ ಸಾಕೆಟ್ಟಿನ ಮೇಲೆ 16 ಎಂದು ಬರೆದಿದ್ದನ್ನು ತೋರಿಸಿ ಅಳಿಯ, “ಇನ್ನೂ ಎರಡು ಮಿಕ್ಕಿತಲ್ಲ” ಎಂದ. ವೈರ್‌ಮನ್ ನನ್ನ ಕಡೆ ತಿರುಗಿ, “ಗೀಸರ್ ಕಾಲು ಗಂಟೆ ಉರೀತದೆ, ಮಿಕ್ಸಿ ಐದು ನಿಮಿಷ ತಿರುಗ್ತದೆ ಮೇಷ್ಟ್ರೇ. ಆಮೇಲೆ ವೈರು ತಣ್ಣಗಾಗ್ತದೆ. ಇದಕ್ಕೆ ತಣ್ಣಗಾಗೋ ಹೊತ್ತೇ ಇಲ್ವಲ್ಲ” ಎಂದರು.

ಮನೆಯ ತಂತಿಗೂ ಗಣಿಯ ತಂತಿಗೂ ಇರುವ ಅಂತರವೆಲ್ಲ ಈ ಮಾತಿನಲ್ಲಿದೆ. ಮನೆಯ ತಂತಿಗಳು ಬಂದುಹೋಗುವ ಹೊರೆಯನ್ನು ನೆಚ್ಚಿ ಎಳೆದವು. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಉಷ್ಣ ನಾಲ್ಕು ಪಟ್ಟಾಗುತ್ತದೆ. ಸ್ಕ್ರೂ ಸಡಿಲವಾದ ಕಡೆ ಬಿಸಿ ಹೆಚ್ಚು; ಬಿಸಿಯಾದಷ್ಟೂ ಸಡಿಲು ಹೆಚ್ಚು. ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಾದರೋ ತಂತಿ ಮರದ ಪಟ್ಟಿಯ ಮೇಲೆ, ಅಟ್ಟದ ಹಲಗೆಗೆ ಒತ್ತಿಕೊಂಡೇ ಹಾದುಹೋಗುತ್ತದೆ. ಫ್ಯೂಸ್ ಹೋದಾಗ ಕೈಗೆ ಸಿಕ್ಕ ದಪ್ಪ ತಂತಿಯನ್ನು ಸುತ್ತಿಡುವ ಜಾಣತನ ಇದಕ್ಕೆ ಕೂಡಿದರೆ, ಕಾವಲುಗಾರನನ್ನು ಕಟ್ಟಿಹಾಕಿ ಕದ ತೆರೆದಂತೆಯೇ ಸರಿ.

ಆದ್ದರಿಂದ ವೈರ್‌ಮನ್ ಕೇಳಿದ್ದು ಇಷ್ಟು: ಮೀಟರ್ ಬೋರ್ಡಿನಿಂದ ನೇರವಾಗಿ ಬರುವ, 4 ಚದರ ಮಿಲಿಮೀಟರಿನ ಬೇರೆಯೇ ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂಸಿಬಿ, ಲೋಹದ ಪೆಟ್ಟಿಗೆಯ 20 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಗುಂಡಿ. ಗಣಿಗೆ ಅದರದೇ ತಂತಿ ಬೇಕೆಂಬುದು ನಮ್ಮ ನಾಡಿನಲ್ಲಿ ಹಳೆಯ ಪಾಠ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಊರುಗಳಿಗಲ್ಲ, ದೂರದ ಕೋಲಾರದ ಚಿನ್ನದ ಗಣಿಗೆ. ಅದಕ್ಕೆಂದೇ ತಂತಿಮಾರ್ಗವನ್ನು ಎಳೆದಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಕಾಫಿಸೀಮೆಯ ತೊಡಕು ಇಷ್ಟಕ್ಕೆ ಮುಗಿಯುವುದಿಲ್ಲ. ತೋಟದ ಮನೆಗಳು ಟ್ರಾನ್ಸ್‌ಫಾರ್ಮರಿನಿಂದ ಬಹು ದೂರ, ಲೈನಿನ ಬಾಲದಲ್ಲಿ ಇರುವಂಥವು. ಕಾಫಿಯ ಹೂವಿಗೆ ನೀರು ಹಾಯಿಸುವ ದಿನಗಳಲ್ಲಿ ಅಕ್ಕಪಕ್ಕದ ಪಂಪುಗಳು ತಿರುಗಿದವೆಂದರೆ ವೋಲ್ಟೇಜು ಕುಸಿಯುತ್ತದೆ. ಆಗ ಹಳೆಯ ಕಾಲದ ಬಲ್ಬು ಮಂಕಾಗಿ, ಕಡಿಮೆ ಪ್ರವಾಹದಲ್ಲಿಯೇ ತೃಪ್ತಿ ಪಡುತ್ತಿತ್ತು. ಈ ಯಂತ್ರದ ಸ್ವಭಾವ ಅದಕ್ಕೆ ವಿರುದ್ಧವಾದುದು. ತನ್ನ 3,250 ವ್ಯಾಟನ್ನು ಅದು ಬಿಟ್ಟುಕೊಡದು. ವೋಲ್ಟೇಜು ಇಳಿದಷ್ಟೂ ಹೆಚ್ಚು ಆಂಪಿಯರನ್ನು ಎಳೆಯುತ್ತದೆ. 200 ವೋಲ್ಟಿಗಿಂತ ಕಡಿಮೆಯಾದರೆ ನಡೆಯಲು ಒಪ್ಪುವುದಿಲ್ಲ. ಸ್ಟೆಬಿಲೈಜರ್ ಇಟ್ಟು ಒಪ್ಪಿಸಬಹುದು, ನಿಜ. ಆದರೆ ಮನೆಗೆ 180 ವೋಲ್ಟ್ ಬರುತ್ತಿರುವಾಗ ಆ ಕೊರತೆಯನ್ನು ತುಂಬುವುದು ಗೋಡೆಯೊಳಗಿನ ತಂತಿಯೇ. ಅದರಲ್ಲಿ ಆಗ ಹರಿಯುವುದು 14 ಅಲ್ಲ, 18 ಆಂಪಿಯರ್. ಅಳಿಯ ಲೆಕ್ಕ ಹಾಕಿದ್ದ ಮಿಕ್ಕ ಎರಡು ಹೋಗಿ ಮೇಲೆ ಎರಡರ ಸಾಲವಾಯಿತು.

ಇನ್ನು ಆಷಾಢದ ಗಾಳಿಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಯಂತ್ರ ಉಣ್ಣುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆಂದು ಕೇಳಿ ನನ್ನ ತಂಗಿ, “ಏಲಕ್ಕಿಯನ್ನಾದರೂ ಒಣಗಿಸಬಹುದಲ್ಲ ಅಣ್ಣಯ್ಯ” ಎಂದಳು. ಇಡೀ ಪ್ರಸ್ತಾಪದಲ್ಲಿ ನನಗೆ ನಂಬಿಕೆ ಹುಟ್ಟಿದ್ದು ಈ ಒಂದು ಮಾತಿನಲ್ಲಿ.

ಖರ್ಚಿನ ವಿಷಯ. ದಿನವೊಂದಕ್ಕೆ 78 ಯೂನಿಟ್. ಗೃಹಜ್ಯೋತಿಯ ಮಿತಿಯಾದ 200 ಯೂನಿಟ್ ಮೂರನೆಯ ದಿನ ದಾಟುತ್ತದೆ. ದಾಟಿದ ತಿಂಗಳು ಬಿಲ್ಲನ್ನು ಪೂರ್ತಿ ಕಟ್ಟಬೇಕು. ತಿಂಗಳಿಗೆ 2,340 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯೆಂದರೂ 14,000 ರೂಪಾಯಿ ದಾಟಿತು. ಬಿಲ್ಲಿನಲ್ಲಿ ಮನೆಗೆ ಮಂಜೂರಾದ ಲೋಡನ್ನು ನೋಡಿದೆವು, ಮೂರು ಕಿಲೋವ್ಯಾಟ್. ಯಂತ್ರವೊಂದೇ ಅದನ್ನು ಮೀರುವುದರಿಂದ ಹೆಚ್ಚಿನ ಲೋಡಿಗೆ ಅರ್ಜಿ ಹಾಕಬೇಕು. ಇಂಥ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡಾ 30ರ ತೆರಿಗೆಯಿದೆ. ಗಣಿಗಾರಿಕೆಯ ಸಲಕರಣೆಗೆ ಸುರಿದ ಹಣವನ್ನು ಅದರಲ್ಲಿ ಕಳೆಯುವಂತಿಲ್ಲವೆಂದು ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ತಿಳಿಸಿತು.

ಯಂತ್ರ ಸದ್ಯಕ್ಕೆ ಗೋದಾಮಿನಲ್ಲಿ ಕಾಫಿಯ ಮೂಟೆಗಳ ಮೇಲೆ ಕುಳಿತಿದೆ. ಅಳಿಯ ಮನೆಯ ಹಳೆಯ ತಂತಿಯನ್ನೆಲ್ಲ ಬದಲಾಯಿಸುತ್ತಿದ್ದಾನೆ. ಅಟ್ಟದ ಪಟ್ಟಿಯನ್ನು ಕೀಳುವಾಗ ವೈರ್‌ಮನ್ ನನ್ನನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಗೀಸರಿನ ತಂತಿ ಹಾದಿದ್ದ ಕಡೆ, ಹಲಗೆ ಅಂಗೈಯಗಲ ಸುಟ್ಟು ಕಪ್ಪಾಗಿತ್ತು.