ಕಡಲಕ್ಕಿಯ ಕಾಲಿನ ಕಡಗ

ಚಳಿಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡಲತೀರಕ್ಕೆ, ಹೊಳೆಗಳ ಅಳಿವೆಗಳಿಗೆ ಕಡಲಕ್ಕಿಗಳು ಬರುತ್ತವೆ. ಅವುಗಳಲ್ಲಿ ಕಂದು ತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುವಂಥದು. ಹೆಸರು ನಂಬಿ ಕಂದು ತಲೆಯನ್ನು ಹುಡುಕಿದರೆ ಸಿಗದು. ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ ಕಣ್ಣಿನ ಹಿಂದೆ ಕಪ್ಪು ಮಚ್ಚೆಯಷ್ಟೇ ಉಳಿಯುತ್ತದೆ. ರೆಕ್ಕೆಯಲ್ಲಿ ಕಂದು ಗರಿಗಳಿದ್ದರೆ ಇನ್ನೂ ಎಳೆಯ ಹಕ್ಕಿ.

ಇಂಥ ಹಿಂಡಿನಲ್ಲಿ ಅಪರೂಪಕ್ಕೆ ಒಂದರ ಕಾಲಲ್ಲಿ ಉಂಗುರ ಕಾಣಬಹುದು. ಉಂಗುರ ಎನ್ನುತ್ತೇವಾದರೂ ನೋಡಲು ಅದು ಕಡಗವೇ. 1899ರಲ್ಲಿ ಡೆನ್ಮಾರ್ಕಿನ ಶಿಕ್ಷಕ ಮಾರ್ಟೆನ್ಸೆನ್ ಹಕ್ಕಿಗಳಿಗೆ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿದಲ್ಲಿಂದ ಈ ಪದ್ಧತಿ ಬೆಳೆಯಿತು. ಲೋಹದ ಉಂಗುರದ ಅಕ್ಷರ ಬಲು ಸಣ್ಣದು. ಬಣ್ಣದ ಪ್ಲಾಸ್ಟಿಕ್ ಉಂಗುರವಾದರೆ ದೂರದರ್ಶಕದಲ್ಲಿ ಓದಬಹುದು.

ಓದುವಾಗ ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಎಡ ಬಲದಲ್ಲಿ. ಲೆಕ್ಕ ಹಕ್ಕಿಯದು, ನಮ್ಮದಲ್ಲ. ಹಕ್ಕಿ ನಮ್ಮತ್ತ ಮುಖ ಮಾಡಿ ನಿಂತಿದ್ದರೆ ಅದರ ಎಡಗಾಲು ನಮ್ಮ ಬಲಕ್ಕಿರುತ್ತದೆ. ಯಾವ ಕಾಲು, ಉಂಗುರದ ಬಣ್ಣ ಯಾವುದು, ಅಕ್ಷರದ ಬಣ್ಣ ಯಾವುದು, ಏನು ಬರೆದಿದೆ: ಇಷ್ಟನ್ನೂ ನಿಂತಲ್ಲೇ ಬರೆದುಕೊಳ್ಳಬೇಕು. ಒಂದೇ ಅಕ್ಷರ ತಪ್ಪಿದರೂ ಬೇರೊಂದು ಹಕ್ಕಿಯ ಕಥೆ ಇದರ ಕೊರಳಿಗೆ ಬೀಳುತ್ತದೆ. ಆದ್ದರಿಂದ ಮಸುಕಾದ ಅಕ್ಷರವನ್ನು ಊಹಿಸಿ ತುಂಬಬಾರದು, ಆ ಜಾಗ ಖಾಲಿ ಬಿಡಬೇಕು. ಬಿಸಿಲಿಗೆ ಉಂಗುರದ ಬಣ್ಣವೂ ಮಾಸುವುದುಂಟು. ಲೋಹದ ಉಂಗುರದ ಬರಹ ಸುತ್ತಲೂ ಇರುವುದರಿಂದ ಹಕ್ಕಿ ತಿರುಗಿದಂತೆಲ್ಲ ಫೋಟೊ ತೆಗೆಯುತ್ತಾ ಹೋಗಿ, ಆಮೇಲೆ ಒಂದಕ್ಕೊಂದು ಜೋಡಿಸಿ ಓದುವುದೇ ಸರಿ. ಮೀನು ಇಳಿಸುವ ಹೊತ್ತಿನಲ್ಲಿ ಹಕ್ಕಿಗಳು ಹತ್ತಿರ ಬರುತ್ತವೆ. ಅಟ್ಟಿಸಿಕೊಂಡು ಹೋಗುವ ಅಗತ್ಯವೇ ಇಲ್ಲ. ಬಲೆಗೆ ಸಿಕ್ಕ ಜೀವಂತ ಹಕ್ಕಿಯ ಉಂಗುರ ಬಿಚ್ಚಬೇಡಿರೆಂದು ಬೆಸ್ತ ಬಂಧುಗಳಲ್ಲಿಯೂ ಕೇಳಿಕೊಳ್ಳುತ್ತೇವೆ. ಸಂಖ್ಯೆಯ ಫೋಟೊ ತೆಗೆದು ಬಿಟ್ಟುಬಿಟ್ಟರೆ ಸಾಕು.

ನಮ್ಮ ದೇಶದ ಉಂಗುರಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹೆಸರಿರುತ್ತದೆ. ಮಾಹಿತಿಯನ್ನು ಅವರಿಗೇ ಕಳುಹಿಸಬೇಕು. ‘ಮಾಸ್ಕ್ವಾ’ ಎಂದಿದ್ದರೆ ಅದು ರಷ್ಯಾದ್ದು. ಯುರೋಪಿನ ಉಂಗುರಗಳಿಗೆ ‘ಯೂರಿಂಗ್’ ಜಾಲತಾಣವಿದೆ. ದಿನಾಂಕ, ಸ್ಥಳ, ಹಕ್ಕಿಯ ಜಾತಿ, ಫೋಟೊ ಸೇರಿಸಿ ಬರೆದರೆ, ಅದಕ್ಕೆ ಎಲ್ಲಿ, ಯಾವಾಗ ಉಂಗುರ ತೊಡಿಸಿದ್ದೆಂದು ಸಾಮಾನ್ಯವಾಗಿ ಉತ್ತರ ಬರುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾದೀತು.