ಅದು ಬರೀ ‘ಗ್ಯಾಸ್ ಸೋರಿಕೆ’ ಅಲ್ಲ: ಗ್ಯಾಸ್ ಗೀಸರ್ ಬಚ್ಚಲ ಒಳಗೆ ಯಾಕೆ ಇರಬಾರದು?

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಿನ ಹಳೇ ಮನೆಯ ಬಚ್ಚಲನ್ನು ಒಮ್ಮೆ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಹೂತ ಹಂಡೆ, ಕೆಳಗೆ ಒಲೆ, ಒಲೆಗೆ ಹತ್ತಿಕಟಗಿ ಇಲ್ಲವೇ ಕಾಳು ಬಿಡಿಸಿದ ಗೋವಿನಜೋಳದ ದಿಂಡು. ಮೇಲೆ ಹೆಂಚು. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೋಗದಿದ್ದರೆ ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಒಳಗಿದ್ದವರು ಬೈಯುತ್ತಾ ಹೊರಗೆ ಬರುತ್ತಿದ್ದರು. ಆ ಹೊಗೆಯಲ್ಲಿ ವಿಷ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಹೆಂಗಸರ ಕಣ್ಣು, ಶ್ವಾಸಕೋಶ ಹಾಳು ಮಾಡಿದ್ದು ಅದೇ. ಆದರೆ ಆ ವಿಷ ಮೊದಲು ಎಚ್ಚರಿಸುತ್ತಿತ್ತು.

ಈಗ ಮನೆಗೆ ಆರ್‌ಸಿಸಿ ಬಂದಿದೆ. ಬಚ್ಚಲಿಗೆ ಟೈಲ್ಸ್, ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಬಾಗಿಲು, ಒಂದು ಸಣ್ಣ ವೆಂಟಿಲೇಟರ್. ಚಳಿ, ಸೊಳ್ಳೆ ಅಂತ ಅದನ್ನೂ ರಟ್ಟಿನಿಂದ ಮುಚ್ಚಿರುತ್ತೇವೆ. ಗೋಡೆಗೆ ಒಂದು ಗ್ಯಾಸ್ ಗೀಸರ್. ನಲ್ಲಿ ತಿರುಗಿಸಿದರೆ ಟಕ್ ಟಕ್ ಅಂತ ಹೊತ್ತಿಕೊಂಡು ಅರ್ಧ ನಿಮಿಷದಲ್ಲಿ ಬಿಸಿನೀರು. ಕರೆಂಟು ಹೋದರೂ ನಡೆಯುತ್ತದೆ, ಕರೆಂಟ್ ಬಿಲ್ಲಿಗೂ ಭಾರವಿಲ್ಲ. ‘ಗೃಹಜ್ಯೋತಿ’ಯ ಯೂನಿಟ್ ಮಿತಿ ದಾಟಬಾರದು ಅನ್ನುವ ಮನೆಗೆ ಇದು ಲೆಕ್ಕಕ್ಕೆ ಸರಿಹೊಂದುವ ಆಯ್ಕೆ. ಹೊಗೆ ಇಲ್ಲ, ಮಸಿ ಇಲ್ಲ, ವಾಸನೆ ಇಲ್ಲ. ಸಮಸ್ಯೆ ಇರುವುದು ಅಲ್ಲೇ.

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ-ತಂಗಿ ಇಬ್ಬರೂ ಬಚ್ಚಲಲ್ಲೇ ಸತ್ತರು. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಬಾಣಾವರದಲ್ಲಿ ಒಂದು ಜೋಡಿ ಇದೇ ರೀತಿ ಪ್ರಾಣ ಕಳೆದುಕೊಂಡಿತು. ಇಂಥ ಸುದ್ದಿಗಳ ತಲೆಬರಹ ಹೆಚ್ಚುಕಮ್ಮಿ ಒಂದೇ: ‘ಗ್ಯಾಸ್ ಗೀಸರ್ ಸೋರಿಕೆ, ಸಾವು’. ಎರಡು ದಿನ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ, ಆಮೇಲೆ ಮರೆತುಹೋಗುತ್ತದೆ.

ತಲೆಬರಹದ ಆ ‘ಸೋರಿಕೆ’ ಅನ್ನುವ ಪದದ ಬಗ್ಗೆಯೇ ಇಲ್ಲಿ ಮಾತಾಡಬೇಕಿದೆ. ಆ ಒಂದು ಪದ ನಮ್ಮನ್ನು ತಪ್ಪು ಜಾಗದಲ್ಲಿ ಹುಡುಕುವಂತೆ ಮಾಡುತ್ತಿದೆ.

ಸೋರದಿದ್ದರೂ ಕೊಲ್ಲುತ್ತದೆ

ಎಲ್‌ಪಿಜಿ ಸೋರಿದರೆ ನಮಗೆ ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಅದಕ್ಕೆ ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇದು ಒಂದು ಅಪಾಯ.

ಬಚ್ಚಲ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಇನ್ನೊಂದು ಅಪಾಯ. ಅದಕ್ಕೆ ಪೈಪು ಸೋರಬೇಕಾಗಿಲ್ಲ, ರೆಗ್ಯುಲೇಟರ್ ಕೆಡಬೇಕಾಗಿಲ್ಲ. ಹೊಚ್ಚಹೊಸ ಗೀಸರ್ ಸರಿಯಾಗಿ ಉರಿಯುತ್ತಿದ್ದರೂ ಅದು ಸಂಭವಿಸಬಹುದು. ಬೆಂಕಿಗೆ ಸಾಕಷ್ಟು ಆಮ್ಲಜನಕ ಸಿಕ್ಕರೆ ಎಲ್‌ಪಿಜಿ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಆಮ್ಲಜನಕ ಕಡಿಮೆ ಬಿದ್ದರೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಸುಮಾರು 12 ಕಿಲೋವಾಟ್ ಶಾಖದಲ್ಲಿ ಉರಿಯುತ್ತದೆ. ಅಡುಗೆಮನೆಯ ಒಲೆಯ ನಾಲ್ಕೈದು ಬರ್ನರ್‌ಗಳನ್ನು ಒಟ್ಟಿಗೆ ದೊಡ್ಡ ಉರಿಯಲ್ಲಿ ಇಟ್ಟಂತೆ. ಹಾಗೆ ಉರಿಯಲು ಅದಕ್ಕೆ ನಿಮಿಷಕ್ಕೆ ಹತ್ತಿರ ಹತ್ತಿರ 200 ಲೀಟರ್ ಗಾಳಿ ಬೇಕು. 6 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಒಟ್ಟು ಗಾಳಿ ಸುಮಾರು 5,400 ಲೀಟರ್. ಅಂದರೆ ಪೂರ್ತಿ ಮುಚ್ಚಿದ ಬಚ್ಚಲಿನ ಅಷ್ಟೂ ಗಾಳಿ ಅರ್ಧ ಗಂಟೆಯ ಉರಿಗೂ ಸಾಲುವುದಿಲ್ಲ. ಗಾಳಿ ಪೂರ್ತಿ ಮುಗಿಯುವವರೆಗೆ ಅಪಾಯ ಕಾಯುವುದೂ ಇಲ್ಲ. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಶೇ 18ಕ್ಕೆ ಇಳಿಯಲು ಇಂಥ ಬಚ್ಚಲಲ್ಲಿ ನಾಲ್ಕೈದು ನಿಮಿಷ ಸಾಕು. ಅಲ್ಲಿಂದ ಮುಂದೆ ಉರಿ ಕೆಡುತ್ತಾ, ವಿಷ ಹೆಚ್ಚುತ್ತಾ ಹೋಗುತ್ತದೆ. ಬಾಗಿಲ ಕೆಳಗಿನ ಸಂದಿಯಿಂದ ಒಂದಿಷ್ಟು ಗಾಳಿ ಬಂದರೆ ಈ ಹೊತ್ತು ಸ್ವಲ್ಪ ಮುಂದಕ್ಕೆ ಹೋಗಬಹುದು, ಅಷ್ಟೇ.

ಹಾಗಾಗಿಯೇ ಹಬ್ಬದ ದಿನ ಹೆಚ್ಚು ಅಪಾಯ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ಹೋಗುತ್ತಾರೆ. ಮೊದಲು ಹೋದವರಿಗೆ ಏನೂ ಆಗಿರುವುದಿಲ್ಲ. ನಾಲ್ಕನೆಯವರು ಒಳಗೆ ಹೋಗುವಾಗ ಅಲ್ಲಿರುವುದು ಮೂವರ ಸ್ನಾನಕ್ಕೆ ಉರಿದು ಉಳಿದ ಗಾಳಿ. ಕೆಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುತ್ತದೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗ ಅದು ಮತ್ತೆ ಮೊದಲಿಂದ ಎಣಿಸುತ್ತದೆ. ಅದು ನೋಡುವುದು ಗಡಿಯಾರವನ್ನು, ಬಚ್ಚಲ ಗಾಳಿಯನ್ನಲ್ಲ.

ಮೈಯಲ್ಲಿ ಏನಾಗುತ್ತದೆ

ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕಾರ್ಬನ್ ಮೊನಾಕ್ಸೈಡ್ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆಭಾರ, ತಲೆಸುತ್ತು, ಓಕರಿಕೆ. ‘ಬಿಸಿನೀರಿಗೆ ಹಿಂಗಾಗೇತಿ’ ಅಂದುಕೊಳ್ಳುತ್ತೇವೆ. ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಅಪಾಯ ಅಂತ ಹೊಳೆಯುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿಯೇ ಹೋಗಿರುತ್ತದೆ. ಚಿಲಕ ಒಳಗಿನಿಂದ ಹಾಕಿರುತ್ತದೆ, ಒಳಗೆ ನೀರು ಸುರಿಯುವ ಸದ್ದು ಕೇಳುತ್ತಲೇ ಇರುತ್ತದೆ, ಹಾಗಾಗಿ ಹೊರಗಿನವರಿಗೆ ಅನುಮಾನವೂ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲ ನಿಯಮ ಒಂದೇ: ಗ್ಯಾಸ್ ಗೀಸರ್ ಬಚ್ಚಲ ಹೊರಗೆ ಇರಬೇಕು. ಗಾಳಿ ಆಡುವ ಹೊರಗೋಡೆಯ ಮೇಲೆ ಗೀಸರ್, ಮಳೆ ತಾಗದಂತೆ ಮೇಲೊಂದು ಸಣ್ಣ ಮರೆ, ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ದೊಡ್ಡ ಹೋಟೆಲು, ರೆಸಾರ್ಟುಗಳಲ್ಲಿ ಈಜುಕೊಳದ ನೀರು ಕಾಯಿಸುವ ಗ್ಯಾಸ್ ಹೀಟರ್‌ಗಳನ್ನು ಬಯಲಲ್ಲಿ ಇಡುತ್ತಾರೆ, ಇಲ್ಲವೇ ಹೊಗೆ ಹೊರಗೆ ಹೋಗಲು ಪ್ರತ್ಯೇಕ ಕೊಳವೆ ಕೂರಿಸುತ್ತಾರೆ. ಅಲ್ಲಿ ಕಡ್ಡಾಯವಾದದ್ದು ನಮ್ಮ ಬಚ್ಚಲಿಗೆ ಬಂದಾಗ ‘ಇರಲಿ ಬಿಡ್ರಿ’ ಆಗಿಬಿಡುತ್ತದೆ. ಪೈಪ್ ಉದ್ದ ಆಗುತ್ತದೆ, ಒಂದೆರಡು ಸಾವಿರ ಹೆಚ್ಚು ಖರ್ಚಾಗುತ್ತದೆ ಅನ್ನುವುದೇ ಕಾರಣ.

ಬಾಡಿಗೆ ಮನೆ, ಇವತ್ತೇ ಬದಲಾಯಿಸಲು ಆಗಲ್ಲ ಅನ್ನುವವರು ಇಂದಿನಿಂದಲೇ ಹೀಗೆ ಮಾಡಬಹುದು. ಬಾಗಿಲು, ಕಿಟಕಿ ಪೂರ್ತಿ ತೆರೆದಿಟ್ಟು ಬಕೆಟ್‌ಗೆ ಬಿಸಿನೀರು ತುಂಬಿಸಿ. ಗೀಸರ್ ಆರಿಸಿ, ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಕೆಲವು ನಿಮಿಷ ಗಾಳಿ ಆಡಲು ಬಿಡಿ. ಆಮೇಲೆ ಸ್ನಾನಕ್ಕೆ ಹೋಗಿ. ಗೀಸರ್ ಉರಿಯುವಾಗ ನೀವು ಒಳಗೆ ಇರಬಾರದು, ಶವರ್ ಆಸೆ ಬಿಡಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಎಳೆದು ಹಾಕಲು ಏನೂ ಇರುವುದಿಲ್ಲ. ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲುವುದಿಲ್ಲ.

ಇನ್ನು ನಿರ್ವಹಣೆ.

ಉರಿ ನೀಲಿ ಇರಬೇಕು. ಹಳದಿ ಅಥವಾ ಕೆಂಪು ನಾಲಿಗೆ ಕಂಡರೆ, ಗೀಸರ್ ಮೇಲ್ಭಾಗದಲ್ಲಿ ಮಸಿ ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಬರ್ನರ್‌ನಲ್ಲಿ ಧೂಳು, ಜೇಡರ ಬಲೆ ಕಟ್ಟಿಕೊಂಡರೆ, ಶಾಖ ಹಿಡಿಯುವ ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿದರೆ ಗಾಳಿಯ ದಾರಿ ಮುಚ್ಚುತ್ತದೆ. ಆಗ ಬಯಲಲ್ಲಿಟ್ಟ ಗೀಸರ್ ಕೂಡ ವಿಷ ಕಾರುತ್ತದೆ.

ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮೊದಲು, ತಿಳಿದ ಮೆಕ್ಯಾನಿಕ್‌ನಿಂದ ಸರ್ವಿಸ್ ಮಾಡಿಸಿ. ಬೋರ್‌ವೆಲ್‌ನ ಗಡಸು ನೀರು ಬಳಸುವ ಕಡೆ ಗೀಸರ್ ಕೊಳವೆಯೊಳಗೆ ಬಿಳಿ ಪಾಚುಗಟ್ಟುತ್ತದೆ. ನೀರು ಸಣ್ಣಗೆ ಬರತೊಡಗಿದರೆ, ಕುದಿಯುವಂಥ ಸದ್ದು ಕೇಳಿದರೆ ಅದನ್ನು ತೆಗೆಸಬೇಕು. ನೀರು ಒಳಬರುವಲ್ಲಿನ ಜಾಲರಿಯನ್ನು ಆಗಾಗ ತೊಳೆಯಿರಿ.

ಸೆಲ್ ಇಳಿದರೆ ಗೀಸರ್ ಟಕ್ ಟಕ್ ಅನ್ನುತ್ತದೆ, ಹೊತ್ತುವುದಿಲ್ಲ. ಆಗ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ನಿಲ್ಲಿಸಿ, ಗಾಳಿ ಆಡಲು ಬಿಡಿ, ಸೆಲ್ ಬದಲಿಸಿ. ಬೆಂಕಿಕಡ್ಡಿ ಗೀರಿ ಹೊತ್ತಿಸಲು ಹೋಗಲೇಬೇಡಿ.

ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ಹಾಕಿಸಿ, 5 ವರ್ಷಕ್ಕೊಮ್ಮೆ ಬದಲಿಸಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರಿಕೆ ಇದೆ ಅಂತ ಅರ್ಥ. ಗೀಸರ್ ಕೊಳ್ಳುವಾಗ ಐಎಸ್ 15558 ಸಂಖ್ಯೆಯ ಐಎಸ್‌ಐ ಗುರುತು ಇದೆಯೇ ನೋಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ವಾಲ್ವ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಒಳಗೆ ಹೋದವರು ಕೂಗಿದರೂ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ಒಡೆಯಿರಿ, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ಎಳೆದು ತನ್ನಿ. ನೀವೂ ಒಳಗೇ ನಿಂತು ಉಪಚರಿಸಲು ಹೋಗಬೇಡಿ, ಅದೇ ಗಾಳಿ ನಿಮ್ಮನ್ನೂ ಬೀಳಿಸುತ್ತದೆ. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಸಿಪಿಆರ್ ಶುರು ಮಾಡಿ. ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಬಿದ್ದರು’ ಅಂತಷ್ಟೇ ಹೇಳದೆ, ‘ಗ್ಯಾಸ್ ಗೀಸರ್ ಇತ್ತು, ಕಾರ್ಬನ್ ಮೊನಾಕ್ಸೈಡ್ ಇರಬಹುದು’ ಅಂತ ಸ್ಪಷ್ಟವಾಗಿ ಹೇಳಿ. ಈ ಮಾತು ಯಾಕೆ ಮುಖ್ಯ ಅಂದರೆ, ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕ ಅಂತಲೇ ಓದುತ್ತದೆ. ಸಾಯುತ್ತಿರುವವರ ಬೆರಳಲ್ಲೂ 98 ತೋರಿಸಬಹುದು. ಇದಕ್ಕೆ ಚಿಕಿತ್ಸೆ ಮಾಸ್ಕ್ ಮೂಲಕ ಕೊಡುವ ಶುದ್ಧ ಆಮ್ಲಜನಕ, ಅದೂ ಬೇಗ.

ಪದ ತಪ್ಪಿದರೆ ನ್ಯಾಯವೂ ತಪ್ಪುತ್ತದೆ

ಇದು ಬರೀ ‘ಜಾಗ್ರತೆ ವಹಿಸಿ’ ಅನ್ನುವ ವಿಷಯ ಆಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ‘ಸೋರಿಕೆ’ ಅಂದಾಕ್ಷಣ ಇಡೀ ಹೊಣೆ ಸತ್ತವರ ಮನೆಯ ರೆಗ್ಯುಲೇಟರ್‌ಗೆ ಹೋಗಿ ನಿಲ್ಲುತ್ತದೆ. ‘ಸರಿಯಾಗಿ ಬಂದ್ ಮಾಡಿರಲಿಲ್ಲವಂತೆ’ ಎಂಬ ಒಂದು ಮಾತಿನಲ್ಲಿ ಕತೆ ಮುಗಿಯುತ್ತದೆ. ಗಾಳಿ ಇಲ್ಲದ ಕೋಣೆಯಲ್ಲಿ ಗೀಸರ್ ಕೂರಿಸಿದ್ದು ಯಾರು? ವೆಂಟಿಲೇಟರ್ ಇಲ್ಲದ ಬಚ್ಚಲು ಕಟ್ಟಿ ಬಾಡಿಗೆಗೆ ಕೊಟ್ಟಿದ್ದು ಯಾರು? ಮಾರುವಾಗ ಈ ಅಪಾಯವನ್ನು ಗಿರಾಕಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದ್ದರಾ? ಈ ಪ್ರಶ್ನೆಗಳನ್ನು ಕೇಳುವವರೇ ಇರುವುದಿಲ್ಲ.

ಕೇಳಲು ಕಾನೂನಿನಲ್ಲಿ ಜಾಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಉತ್ಪನ್ನ ಹೊಣೆಗಾರಿಕೆ’ಗೆಂದೇ ಒಂದು ಅಧ್ಯಾಯ ಇಟ್ಟಿದೆ. ತಯಾರಕರು ಮಾತ್ರವಲ್ಲ, ಮಾರಿದವರು, ಸೇವೆ ಕೊಟ್ಟವರು ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ಬಳಕೆಯ ಬಗ್ಗೆ ಸರಿಯಾದ ಸೂಚನೆ, ಎಚ್ಚರಿಕೆ ಕೊಡದಿರುವುದೂ ಅಲ್ಲಿ ಒಂದು ದೋಷ.

ಪರಿಹಾರದ ವಿಷಯಕ್ಕೆ ಬಂದರೆ ಪದದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಲ್‌ಪಿಜಿ ಅವಘಡಗಳಿಗಾಗಿ ಸರ್ಕಾರಿ ತೈಲ ಕಂಪನಿಗಳು ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿವೆ, ಸಾವಿಗೆ 6 ಲಕ್ಷ ರೂಪಾಯಿವರೆಗೆ ಪರಿಹಾರ ಇದೆ. ಗ್ರಾಹಕರು ಪ್ರತ್ಯೇಕ ಕಂತು ಕಟ್ಟಬೇಕಿಲ್ಲ. ಆದರೆ ಕೇಂದ್ರ ಸರ್ಕಾರ ವಿವರಿಸಿರುವ ಪ್ರಕಾರ, ಬೆಂಕಿ ಅನಾಹುತಕ್ಕೆ ಎಲ್‌ಪಿಜಿಯೇ ಮೂಲ ಕಾರಣವಾಗಿರುವ ಘಟನೆಗಳಿಗೆ ಈ ವಿಮೆ. ಬೆಂಕಿ ಹರಡದೆ, ಗೋಡೆ ಕಪ್ಪಾಗದೆ, ಬರೀ ಗಾಳಿಯಿಂದ ಸತ್ತವರು ಈ ಚೌಕಟ್ಟಿನ ಎಲ್ಲಿ ಬರುತ್ತಾರೆ? ಈ ಮಾತನ್ನು ಪಾಲಿಸಿಯಲ್ಲೇ ಸ್ಪಷ್ಟವಾಗಿ ಸೇರಿಸಿ ಅಂತ ಒತ್ತಾಯಿಸಬೇಕಾದವರು ನಮ್ಮ ಸಂಸದರು. ನಾವು ಅವರನ್ನು ಕೇಳಬೇಕು.

ಯಾವ ಹಕ್ಕು ಕೇಳಬೇಕಾದರೂ ಸಾವಿನ ಕಾರಣ ಕಾಗದದ ಮೇಲೆ ಇರಬೇಕು. ಇಂಥ ಸಾವುಗಳಲ್ಲಿ ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ. ಆ ಹೊತ್ತಲ್ಲಿ ಕುಟುಂಬದ ಪರವಾಗಿ ನಿಲ್ಲುವ ಗೆಳೆಯರು, ಸಂಘಟನೆಯವರು ಒಂದು ಕೆಲಸ ಮಾಡಬೇಕು: ಮರಣೋತ್ತರ ಪರೀಕ್ಷೆಯಲ್ಲಿ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಪ್ರಮಾಣ ಪರೀಕ್ಷಿಸಿ ಅಂತ ಲಿಖಿತವಾಗಿ ಕೇಳಬೇಕು. ಗೀಸರ್ ಎಲ್ಲಿತ್ತು, ಕಿಟಕಿಯ ಅಳತೆ ಎಷ್ಟು, ಅದು ತೆರೆದಿತ್ತೋ ಮುಚ್ಚಿತ್ತೋ ಅನ್ನುವುದು ಪಂಚನಾಮೆಯಲ್ಲಿ ಬರುವಂತೆ ನೋಡಿಕೊಳ್ಳಬೇಕು.

ಊರಮಟ್ಟದಲ್ಲೂ ಕೆಲಸ ಇದೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಹೊಸ ಮನೆಗೆ ಪರವಾನಗಿ ಕೊಡುವಾಗ ಬಚ್ಚಲ ವೆಂಟಿಲೇಟರ್ ನಕ್ಷೆಯಲ್ಲಿ ಇದೆಯಾ ಅಂತ ನೋಡ್ರಿ ಅನ್ನಬಹುದು. ಗ್ಯಾಸ್ ಏಜೆನ್ಸಿಯವರು ಸುರಕ್ಷತಾ ತಪಾಸಣೆಗೆ ಬಂದಾಗ ಒಲೆ ನೋಡಿ ಸಹಿ ಹಾಕಿಸಿಕೊಂಡು ಹೋಗಲು ಬಿಡದೆ ಗೀಸರ್ ಇರುವ ಜಾಗವನ್ನೂ ತೋರಿಸಬಹುದು. ರಾಣೆಬೆನ್ನೂರಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ರೂಮು, ಪಿಜಿ ಹುಡುಕುವವರು ವೈಫೈ ಇದೆಯಾ ಅಂತ ಕೇಳುವ ಮೊದಲು ಗೀಸರ್ ಎಲ್ಲಿದೆ ಅಂತ ಕೇಳಬಹುದು.

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗಲೂ ಅದನ್ನೇ ಕೇಳಿ: ‘ಅವ್ವಾ, ಗೀಸರ್ ಒಳಗೈತೋ ಹೊರಗೈತೋ?’ ಒಳಗಿದ್ದರೆ, ವೆಂಟಿಲೇಟರ್‌ಗೆ ಹಚ್ಚಿದ ರಟ್ಟು ತೆಗೆಯಲು ಹೇಳಿ, ಬಕೆಟ್ ತುಂಬಿಸಿ ಆರಿಸಿದ ಮೇಲೆಯೇ ಒಳಗೆ ಹೋಗಲು ಹೇಳಿ. ಮುಂದಿನ ಸಲ ಊರಿಗೆ ಹೋದಾಗ ಪ್ಲಂಬರ್‌ನ ಕರೆಸಿ ಅದನ್ನು ಹೊರಗೋಡೆಗೆ ಹಾಕಿಸಿ.